ದಾವಣಗೆರೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ಆರೈಕೆ ಕೇಂದ್ರ: ಯಾವ ನೋಂದಣಿ ಕೇಳಬೇಕು, ಏನು ನೋಡಬೇಕು?

ವಿದ್ಯಾನಗರ ವಾಸಿ (ಪ್ರಶ್ನೆ)

78 ವರ್ಷದ ಹಿರಿಯರು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮೂಗಿನಲ್ಲಿ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ನಳಿಕೆ), ಮೂತ್ರಕ್ಕೆ ಕ್ಯಾಥೆಟರ್ ಇದೆ. ಮುಂದಿನ ವಾರ ಡಿಸ್ಚಾರ್ಜ್. ಹಗಲು ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಊರಲ್ಲಿ ಮೂರು ಕಡೆ ವಿಚಾರಿಸಿದ್ದಾಯಿತು: ಒಂದು ನರ್ಸಿಂಗ್ ಹೋಮ್, ಒಂದು ವೃದ್ಧಾಶ್ರಮ, ಇನ್ನೊಂದು ‘ಎಲ್ಡರ್ ಕೇರ್’ ಎಂದು ಬೋರ್ಡ್ ಹಾಕಿದ ಮನೆ. ಮೂವರೂ ‘ಸರ್ಕಾರಿ ಪರವಾನಗಿ ಇದೆ’ ಅನ್ನುತ್ತಾರೆ. ನರ್ಸಿಂಗ್ ಹೋಮ್ ನಿಯಮ ಅಂತ ಹುಡುಕಿದರೆ ಅಮೆರಿಕದ್ದೇ ಬರುತ್ತದೆ. ನಮ್ಮಲ್ಲಿ ಯಾವ ಕಾನೂನು ಯಾವುದಕ್ಕೆ ಅನ್ವಯ? ಹೋಗಿ ನೋಡಿದಾಗ ಏನನ್ನು ಗಮನಿಸಬೇಕು?

ಕಡತ ಓದುವವ

ಸರ್, ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಅಂದರೆ ವಯಸ್ಸಾದವರು ತಿಂಗಳು, ವರ್ಷಗಟ್ಟಲೆ ಇರುವ ಆರೈಕೆಯ ಮನೆ. ನಮ್ಮ ಪಿ.ಜೆ. ಬಡಾವಣೆಯಲ್ಲಿ ಅದೇ ಬೋರ್ಡ್ ಕಂಡರೆ ಅದು ಹೆರಿಗೆಗೆ, ಜ್ವರಕ್ಕೆ, ಸಣ್ಣಪುಟ್ಟ ಆಪರೇಷನ್‌ಗೆ ಸೇರಿಸಿಕೊಳ್ಳುವ ಖಾಸಗಿ ಆಸ್ಪತ್ರೆ. ಹಾಗಾಗಿ ‘ಪರವಾನಗಿ ಇದೆಯಾ’ ಅಂತ ಕೇಳಿದರೆ ಪ್ರಯೋಜನವಿಲ್ಲ. ‘ಯಾವ ಕಾಯ್ದೆಯ ಕೆಳಗೆ’ ಅಂತ ಕೇಳಿ.

ನರ್ಸಿಂಗ್ ಹೋಮ್‌ಗೆ ಅನ್ವಯವಾಗುವುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಎಲ್ಲರೂ ಕೆಪಿಎಂಇ ಅನ್ನುವುದು ಇದನ್ನೇ. ಆಸ್ಪತ್ರೆ, ಕ್ಲಿನಿಕ್‌ಗಳ ನೋಂದಣಿಗೆಂದೇ ಕೇಂದ್ರ ತಂದ 2010ರ ಕಾಯ್ದೆ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿಲ್ಲ. ರೋಗಪತ್ತೆ, ಚಿಕಿತ್ಸೆ, ಪುನರ್ವಸತಿ ಇವುಗಳಲ್ಲಿ ಯಾವುದನ್ನು ಸಾರ್ವಜನಿಕರಿಗೆ ಕೊಟ್ಟರೂ ನೋಂದಣಿ ಬೇಕು; ಫಿಸಿಯೋಥೆರಪಿ ಕೇಂದ್ರಕ್ಕೂ ಬೇಕು. ನೋಂದಣಿ ಮಾಡುವುದು ಜಿಲ್ಲಾ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ಪ್ರಮಾಣಪತ್ರದ ಅವಧಿ 5 ವರ್ಷ. ಅದರ ಮೇಲಿನ ದಿನಾಂಕ ಮತ್ತು ವಿಳಾಸ ನೋಡಿ: ಬೇರೆ ಕಟ್ಟಡಕ್ಕೆ ಸಿಕ್ಕ ನೋಂದಣಿಯನ್ನು ಈ ಕಟ್ಟಡದ ಗೋಡೆಗೆ ತೂಗುಹಾಕಿದರೆ ಅದು ನಿಮ್ಮ ಲೆಕ್ಕಕ್ಕಿಲ್ಲ. ದರಪಟ್ಟಿಯೂ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು.

ವೃದ್ಧಾಶ್ರಮದ ದಾರಿ ಬೇರೆ. ಅದು ಬರುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವ್ಯಾಪ್ತಿಗೆ. ಅಲ್ಲಿ ಸಿಗುವುದು ವಸತಿ, ಊಟ, ಸಾಮಾನ್ಯ ನಿಗಾ. ಓಡಾಡುವವರಿಗೆ ಅಷ್ಟು ಸಾಕು. ಟ್ಯೂಬ್ ಮತ್ತು ಕ್ಯಾಥೆಟರ್ ಇರುವವರಿಗೆ ಬರೀ ವೃದ್ಧಾಶ್ರಮ ಸಾಲದು. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಮೂರನೆಯದರಲ್ಲೇ ಜನ ಮೋಸ ಹೋಗುವುದು. ‘ಸರ್ಕಾರಿ ಪರವಾನಗಿ’ ಅಂತ ತೋರಿಸುವ ಕಾಗದ ಎಷ್ಟೋ ಸಲ ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ ಆಗಿರುತ್ತದೆ, ಇಲ್ಲವೇ ಸಂಘದ ನೋಂದಣಿ ಪತ್ರ. ಮೊದಲನೆಯದು ಆ ಜಾಗದಲ್ಲಿ ವ್ಯವಹಾರ ನಡೆಸಲು ಕೊಟ್ಟ ಅನುಮತಿ. ಎರಡನೆಯದು ಸಂಘ ಯಾರದು ಅನ್ನುವುದಕ್ಕೆ ದಾಖಲೆ. ಅಲ್ಲಿ ಟ್ಯೂಬ್ ಹಾಕಲು, ಇಂಜೆಕ್ಷನ್ ಕೊಡಲು ವ್ಯವಸ್ಥೆ ಇದೆಯೋ ಇಲ್ಲವೋ ಅನ್ನುವುದನ್ನು ಇವೆರಡೂ ಹೇಳುವುದಿಲ್ಲ. ಆಸ್ಪತ್ರೆಗಳ ಗುಣಮಟ್ಟಕ್ಕೆ ರಾಷ್ಟ್ರೀಯ ಮಂಡಳಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಸ್ವಯಂಪ್ರೇರಿತ. 50 ಹಾಸಿಗೆವರೆಗಿನ ಸಣ್ಣ ಸಂಸ್ಥೆಗಳಿಗೆ ಅದರಲ್ಲಿ ಪ್ರತ್ಯೇಕ ಮಾನದಂಡವಿದೆ. ಇದ್ದರೆ ಒಳ್ಳೆಯದು, ಆದರೆ ಕೆಪಿಎಂಇ ಜಾಗವನ್ನು ಅದು ತುಂಬುವುದಿಲ್ಲ.

ಒಳಗೆ ಹೋದಾಗ ಕಸದ ಡಬ್ಬಗಳನ್ನು ನೋಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ, ಕೀವು ತಾಗಿದ ಬ್ಯಾಂಡೇಜ್ ಮತ್ತು ಹತ್ತಿ ಹಳದಿಗೆ, ಡ್ರಿಪ್ ಸೆಟ್, ಕ್ಯಾಥೆಟರ್, ಕೈಗವಸು ಕೆಂಪಿಗೆ, ಸೂಜಿ, ಬ್ಲೇಡ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಇನ್ಸುಲಿನ್ ಸೂಜಿಯನ್ನು ಅಡುಗೆಮನೆ ಕಸದ ಬುಟ್ಟಿಗೆ ಹಾಕುವ ಕಡೆ ಬೇರೆ ಯಾವ ನಿಯಮವನ್ನೂ ಪಾಲಿಸುತ್ತಾರೆಂದು ನಂಬಬೇಡಿ.

ವಾರ್ಡ್ ಸಿಸ್ಟರ್

ಕಾಗದದ ವಿಷಯ ಮೇಲಿನವರು ಸರಿಯಾಗಿ ಹೇಳ್ಯಾರ್ರಿ. ಇನ್ನು ಹಾಸಿಗೆ ಹತ್ರ ಏನು ನೋಡಬೇಕು ಅನ್ನೋದು.

‘ನರ್ಸ್ ಇದ್ದಾರೆ’ ಅಂದ್ರೆ ಯಾವ ನರ್ಸ್ ಅಂತ ಕೇಳ್ರಿ. ಎಎನ್‌ಎಂ 2 ವರ್ಷದ ಕೋರ್ಸ್, ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಇವರಿಗೆಲ್ಲ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರ್ತದೆ. ‘ಹೋಮ್ ನರ್ಸ್’ ಅನ್ನೋರಲ್ಲಿ ಬಹಳ ಮಂದಿ ಆರೈಕೆ ಸಹಾಯಕರು. ಮೈ ಒರೆಸೋದು, ಮಗ್ಗುಲು ಬದಲಿಸೋದು, ಬಟ್ಟೆ ಬದಲಿಸೋದು ಅವರು ಚೆನ್ನಾಗೇ ಮಾಡ್ತಾರೆ, ಅದು ದೊಡ್ಡ ಕೆಲಸ. ಆದರೆ ರೈಲ್ಸ್ ಟ್ಯೂಬ್ ಹಾಕೋದು, ಕ್ಯಾಥೆಟರ್ ಬದಲಿಸೋದು ಅವರ ಕೈಗೆ ಬಿಡಬಾರದು. ರಾತ್ರಿ ಪಾಳಿಯಲ್ಲಿ ನೋಂದಾಯಿತ ನರ್ಸ್ ಯಾರು ಅಂತ ಡ್ಯೂಟಿ ಪಟ್ಟಿ ತೋರಿಸೋಕೆ ಹೇಳ್ರಿ. ಹಗಲು ಇಬ್ಬರು ಇದ್ದು ರಾತ್ರಿ ವಾಚ್‌ಮನ್ ಒಬ್ಬನೇ ಇರೋ ಕಡೆ ಬೇಡ.

ಬೆಡ್ ಸೋರ್, ಅಂದ್ರೆ ಮಲಗಿದಲ್ಲೇ ಆಗೋ ಹುಣ್ಣಿನ ವಿಷಯ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಆರೈಕೆ ಹೆಂಗೈತಿ ಅಂತ ಇದೊಂದರಲ್ಲೇ ಗೊತ್ತಾಗ್ತದೆ. ಮೂಳೆ ಉಬ್ಬಿರೋ ಜಾಗದಲ್ಲಿ, ಅಂದ್ರೆ ಬೆನ್ನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಒತ್ತಡಕ್ಕೆ ರಕ್ತ ಹರಿಯೋದು ನಿಲ್ಲುತ್ತೆ, ಚರ್ಮ ಸಾಯ್ತದೆ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ 90 ಡಿಗ್ರಿ ಹೊರಳಿಸಿದ್ರೆ ಸೊಂಟದ ಮೂಳೆ ಮೇಲೇ ಭಾರ ಬೀಳ್ತದೆ, ಹಂಗಾಗಿ ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾರೆ ಮಲಗಿಸ್ಬೇಕು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂಗೆ ಬಿಡಬೇಕು. ಪ್ರತಿ ಹೊರಳಿಕೆಗೂ ಸಮಯ, ಯಾವ ಮಗ್ಗುಲು, ಸಹಿ, ಈ ಮೂರು ಇರೋ ಚಾರ್ಟ್ ಮಂಚಕ್ಕೆ ತೂಗುಹಾಕಿರಬೇಕು. ಚಾರ್ಟಿನಲ್ಲಿ ಇಡೀ ದಿನದ ಸಹಿ ಒಂದೇ ಪೆನ್ನಿಂದ, ಒಂದೇ ಉಸಿರಿಗೆ ಹಾಕಿದಂಗೆ ಕಂಡರೆ ಅದು ಸಂಜೆ ಕೂತು ತುಂಬಿದ್ದು.

ಮೊದಲ ಹಂತ ಚರ್ಮ ಒಡೆಯೋಕಿಂತ ಮುಂಚೇನೇ ಶುರುವಾಗ್ತದೆ. ಪುಸ್ತಕದಲ್ಲಿ ‘ಒತ್ತಿದರೂ ಮಾಸದ ಕೆಂಪು’ ಅಂತ ಇರ್ತದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣೋದಿಲ್ಲ. ಕೈಯಿಂದ ಮುಟ್ಟಿ ನೋಡಬೇಕು: ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಥವಾ ಮೆತ್ತಗಾಗಿದೆಯಾ ಅಂತ. ಎರಡನೇ ಹಂತದಲ್ಲಿ ಬೊಬ್ಬೆ ಅಥವಾ ಮೇಲ್ಚರ್ಮ ಕಿತ್ತ ಗಾಯ. ಮೂರರಲ್ಲಿ ಕೊಬ್ಬು ಕಾಣ್ತದೆ. ನಾಲ್ಕರಲ್ಲಿ ಸ್ನಾಯು, ಮೂಳೆ. ಆ ಜಾಗ ತಿಕ್ಕಬಾರದು, ಸ್ಪಿರಿಟ್ ಹಚ್ಚಬಾರದು. ಗಾಡಿ ಟ್ಯೂಬಿನಂಥ, ನಡುವೆ ತೂತಿರೋ ಗುಂಡು ದಿಂಬೂ ಬೇಡ, ಅದು ನಡುವಿನ ಜಾಗಕ್ಕೆ ರಕ್ತ ಬರೋದನ್ನ ತಡೀತದೆ.

ಏರ್ ಬೆಡ್ ಇದ್ರೆ ಮಗ್ಗುಲು ಬದಲಿಸೋದು ತಪ್ಪೋದಿಲ್ಲ. ಪಂಪಿನ ಒತ್ತಡ ರೋಗಿ ತೂಕಕ್ಕೆ ಹೊಂದಿಸಿರಬೇಕು. ಪೃಷ್ಠದ ನೇರಕ್ಕೆ ಏರ್ ಬೆಡ್ ಕೆಳಗೆ ಅಂಗೈ ತೂರಿಸಿ ನೋಡ್ರಿ. ಮೂಳೆ ಕೈಗೆ ಸಿಕ್ಕರೆ ಗಾಳಿ ಕಡಿಮೆ ಐತಿ ಅಂತ. ಮೇಲೆ ಒಂದೇ ತೆಳು ಬೆಡ್‌ಶೀಟ್. ರೆಕ್ಸಿನ್, ಮಡಚಿದ ಕಂಬಳಿ ಹಾಕಿದ್ರೆ ಹಾಸಿಗೆಯ ಗುಣ ಹೋಯ್ತು, ನಮ್ಮ ಏಪ್ರಿಲ್ ಬಿಸಿಲಿಗೆ ಬೆವರೂ ನಿಲ್ತದೆ. ಕರೆಂಟ್ ಹೋದಾಗ ಪಂಪ್ ಯುಪಿಎಸ್ ಮೇಲೆ ಓಡ್ತದಾ ಅಂತ ಕೇಳ್ರಿ.

ಟ್ಯೂಬ್ ಊಟ: ಮೂಗಿನ ಹತ್ರ ಟ್ಯೂಬ್ ಎಷ್ಟನೇ ಸೆಂಟಿಮೀಟರ್ ಗುರುತಿಗೆ ಐತಿ ಅಂತ ಪ್ರತಿ ಸಲ ನೋಡಿ ಬರೀಬೇಕು. ಗುರುತು ಜರುಗಿದ್ರೆ ಊಟ ಹಾಕಬಾರದು. ಗಾಳಿ ಒತ್ತಿ ಹೊಟ್ಟೇಲಿ ಸದ್ದು ಕೇಳೋ ಹಳೇ ವಿಧಾನ ನಂಬೋ ಹಂಗಿಲ್ಲ, ಟ್ಯೂಬ್ ಶ್ವಾಸಕೋಶಕ್ಕೆ ಹೋಗಿದ್ರೂ ಸದ್ದು ಕೇಳಿಸ್ಬಹುದು. ಟ್ಯೂಬ್‌ನಿಂದ ಎಳೆದ ರಸ ಪಿಎಚ್ ಕಾಗದದಲ್ಲಿ (ಆಮ್ಲ ಅಳೆಯೋ ಕಾಗದ) 5.5 ಅಥವಾ ಕಡಿಮೆ ತೋರಿಸಬೇಕು. ಅನುಮಾನ ಇದ್ರೆ ಎಕ್ಸ್‌ರೇ. ತಲೆಕಡೆ 30ರಿಂದ 45 ಡಿಗ್ರಿ ಎತ್ತಿ, ಒಂದು ಸಲಕ್ಕೆ 200 ಮಿಲಿ ಆಸುಪಾಸು, ತಾನಾಗೇ ಇಳಿಯೋಕೆ ಬಿಡಬೇಕು; ಸಿರಿಂಜಿನಿಂದ ಒತ್ತಬಾರದು. ಊಟ ಆದಮೇಲೂ ಅರ್ಧದಿಂದ ಒಂದು ಗಂಟೆ ಹಂಗೇ ಕೂರಿಸಿರಬೇಕು. ರಾಗಿ ಗಂಜಿ ಆರಿದ ಮೇಲೆ ಗಟ್ಟಿಯಾಗಿ ಟ್ಯೂಬ್ ಕಟ್ಟಿಸ್ತದೆ. ತೆಳ್ಳಗೆ ಮಾಡಿ, ಬಟ್ಟೇಲಿ ಸೋಸಿ, ಹಿಂದೆ ಮುಂದೆ 30 ಮಿಲಿ ನೀರು ಬಿಡಬೇಕು.

ಕ್ಯಾಥೆಟರ್ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ಮಾತ್ರ ತಾಗಬಾರದು. ಗಾಲಿ ಕುರ್ಚಿಗೆ ಎತ್ತುವಾಗ ಚೀಲವನ್ನ ತೊಡೆ ಮೇಲೆ ಇಡೋದು ಎಲ್ಲ ಕಡೆ ಕಾಣೋ ತಪ್ಪು. ಮೂತ್ರ ವಾಪಸ್ ಹೋಗಿ ಸೋಂಕು ಆಗ್ತದೆ. ಡಿಸ್ಚಾರ್ಜ್ ಆಗುವಾಗಲೇ ‘ಇದು ಇನ್ನೂ ಬೇಕಾ, ಯಾವಾಗ ತೆಗೀಬೇಕು’ ಅಂತ ಡಾಕ್ಟರ್ ಹತ್ರ ಬರೆಸಿಕೊಳ್ಳಿ.

ವಿದ್ಯಾನಗರ ವಾಸಿ

ಸಿಸ್ಟರ್, ಸರ್, ಇಬ್ಬರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಒಂದು ಕಡೆ ‘ಟ್ಯೂಬ್ ಕಿತ್ತುಕೊಳ್ಳದ ಹಾಗೆ ರಾತ್ರಿ ಕೈ ಕಟ್ಟುತ್ತೇವೆ’ ಅಂದರು. ಇದು ಸರಿಯೇ? ಇನ್ನೊಂದು, ಅವರ ಒಪ್ಪಂದ ಒಂದೇ ಪುಟ, ಅದರಲ್ಲಿ ಇರುವುದು ಬರೀ ಹಣದ ವಿಷಯ.

ಹೋಲಿಸಿ ನೋಡುವವ

ಅಮೆರಿಕದ ನಿಯಮ ಇಲ್ಲಿ ಕಾನೂನಲ್ಲ. ಆದರೆ ನಿಮ್ಮ ಎರಡೂ ಪ್ರಶ್ನೆಗೆ ಅಲ್ಲಿನ ಪದಗಳು ಕೆಲಸಕ್ಕೆ ಬರುತ್ತವೆ. ಅಲ್ಲಿ 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯ ನಂತರ ಕಟ್ಟಿಹಾಕದೆ ಇರುವುದು ನಿವಾಸಿಯ ಹಕ್ಕು. ಶಿಸ್ತಿಗಾಗಿ, ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟುವಂತಿಲ್ಲ. ಆ ವ್ಯಕ್ತಿ ತಾನಾಗಿ ಸುಲಭವಾಗಿ ತೆಗೆಯಲಾಗದ, ಚಲನೆ ತಡೆಯುವ ಯಾವುದೂ ‘ಕಟ್ಟು’ ಅನಿಸಿಕೊಳ್ಳುತ್ತದೆ. ಮಂಚದ ಕಂಬಿಯೂ ಕೆಲವೊಮ್ಮೆ ಇದರೊಳಗೆ ಬರುತ್ತದೆ. ಬರೀ ಸುಮ್ಮನಿರಿಸಲು ನಿದ್ದೆ ಮಾತ್ರೆ ಕೊಡುವುದಕ್ಕೂ ಇದೇ ನಿಯಮ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ದಾಖಲೆ ಸಮೇತ. ಹಾಗಾಗಿ ‘ದಿನಾ ರಾತ್ರಿ ಕಟ್ಟುತ್ತೇವೆ’ ಅನ್ನುವ ಜಾಗವನ್ನು ಪಟ್ಟಿಯಿಂದ ತೆಗೆದುಬಿಡಿ. ಟ್ಯೂಬ್ ಎಳೆದುಕೊಳ್ಳುವುದಕ್ಕೆ ಕಾರಣ ಇರುತ್ತದೆ: ಮೂಗಿನ ಅಂಟುಪಟ್ಟಿ ತುರಿಸುತ್ತಿರಬಹುದು, ಮೂತ್ರ ಕಟ್ಟಿರಬಹುದು, ಸೋಂಕಿನಿಂದ ಗಲಿಬಿಲಿ ಆಗಿರಬಹುದು. ಅದನ್ನು ಹುಡುಕುವುದು ಆರೈಕೆ.

ಒಪ್ಪಂದಕ್ಕೆ ಅಲ್ಲಿನ ಅಳತೆಗಳನ್ನೇ ಷರತ್ತಾಗಿ ಸೇರಿಸಿ. ಎರಡೂ ಕಡೆ ಒಪ್ಪಿದರೆ ಅದು ಇಲ್ಲಿ ಕರಾರು. ಸೇರಿದ 48 ಗಂಟೆಯೊಳಗೆ ಪ್ರಾಥಮಿಕ ಆರೈಕೆ ಯೋಜನೆ. 14 ದಿನದೊಳಗೆ ಪೂರ್ಣ ಮೌಲ್ಯಮಾಪನ: ನುಂಗುವಿಕೆ, ಚರ್ಮ, ನೋವು, ಬೀಳುವ ಅಪಾಯ, ಮಾತ್ರೆಗಳು. ಅದಾದ 7 ದಿನದೊಳಗೆ ವಿವರವಾದ ಯೋಜನೆ, ಆಮೇಲೆ 3 ತಿಂಗಳಿಗೊಮ್ಮೆ ಮರುಪರಿಶೀಲನೆ. ಹೊರಗೆ ಕಳಿಸುವುದಾದರೆ 30 ದಿನ ಮೊದಲು ಲಿಖಿತ ನೋಟಿಸ್. ಇವುಗಳ ಜೊತೆ ನಿಮ್ಮದೂ ಸೇರಿಸಿ: ಜ್ವರ, ಬಿದ್ದದ್ದು, ಹೊಸ ಗಾಯ ಇವುಗಳ ಸುದ್ದಿ ಎಷ್ಟು ಹೊತ್ತಿನಲ್ಲಿ ಮನೆಗೆ ಬರಬೇಕು, ತುರ್ತು ಬಂದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬೇರೆಡೆಗೋ, ಆಂಬ್ಯುಲೆನ್ಸ್ ಹಣ ಯಾರದು, ಮುಂಗಡ ಎಷ್ಟು ದಿನದಲ್ಲಿ ವಾಪಸ್. 48 ಗಂಟೆಯ ಮೊದಲ ಷರತ್ತನ್ನು ಒಪ್ಪಲು ಹಿಂಜರಿದರೆ ಕಾರಣ ಕೇಳಿ. ಬಹುಪಾಲು ಬರೆಯುವ ಸಿಬ್ಬಂದಿಯೇ ಇರುವುದಿಲ್ಲ.

ಕಡತ ಓದುವವ

ದೂರಿನ ದಾರಿಯೂ ಗೊತ್ತಿರಲಿ, ಇದು ಚಿತ್ರದುರ್ಗದವರಿಗೂ ಅನ್ವಯ. ಚಿಕಿತ್ಸೆ, ನೋಂದಣಿಯ ತಕರಾರು ಇದ್ದರೆ ಜಿಲ್ಲಾ ಪ್ರಾಧಿಕಾರಕ್ಕೆ, ಡಿಎಚ್‌ಒ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಣ, ಸೇವಾಲೋಪದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ಸಲ್ಲಿಸಬೇಕು. ಖರ್ಚು ಹಂಚಿಕೊಳ್ಳಲು ಮಕ್ಕಳಲ್ಲಿ ಯಾರಾದರೂ ಒಪ್ಪದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹಿರಿಯರ ಪರವಾಗಿ ಅರ್ಜಿ ಹಾಕಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶವಾಗುತ್ತದೆ. ಎಲ್ಲಿ ಕೇಳಬೇಕು ತೋಚದಿದ್ದರೆ ಹಿರಿಯರ ಸಹಾಯವಾಣಿ 14567.

ವಾರ್ಡ್ ಸಿಸ್ಟರ್

ಒಂದು ಬರೆಯೋದು ಬಿಟ್ಟಿದ್ದೆ. ನೋಡೋಕೆ ಬರೋ ನೆಂಟರು ಪ್ರೀತಿಯಿಂದ ಮಂಡಕ್ಕಿ, ಬೆಣ್ಣೆದೋಸೆ ತರ್ತಾರೆ. ನುಂಗೋ ಶಕ್ತಿ ಪರೀಕ್ಷೆ ಆಗೋವರೆಗೂ ಬಾಯಿಗೆ ಏನೂ ಕೊಡಬಾರದು, ನೀರೂ ಬೇಡ. ಒಣ ಮಂಡಕ್ಕಿ ಬಾಯಲ್ಲಿ ಚೂರಾಗಿ ಶ್ವಾಸನಾಳಕ್ಕೆ ಇಳೀತದೆ. ಲಕ್ವ ಆದವರಿಗೆ ಕೆಮ್ಮೂ ಬರದೇ ಇರಬಹುದು, ಎರಡು ದಿನಕ್ಕೆ ನ್ಯುಮೋನಿಯಾ ಆಗಿ ಕೂರ್ತದೆ. ‘ಬಾಯಿಗೆ ಏನೂ ಕೊಡಬೇಡಿ’ ಅಂತ ದೊಡ್ಡಕ್ಷರದಲ್ಲಿ ಕನ್ನಡದಲ್ಲಿ ಬರೆದು ಮಂಚದ ತಲೆಕಡೆ ಅಂಟಿಸ್ರಿ.