ಅಪ್‌ಡೇಟ್: ಘಾಟಿಯಲ್ಲಿ ಕಾರು ಸೊರಗಿದ್ದಕ್ಕೆ ಕಾರಣ ಸಿಕ್ತು

ಸುಮಾರು 3000 ಮೀಟರ್ ಎತ್ತರದಲ್ಲಿ ನನ್ನ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಧನ) ಇಲ್ಲದ ಪೆಟ್ರೋಲ್ ಕಾರು ಏದುಸಿರು ಬಿಡ್ತಿದೆ, ಎಂಜಿನ್ ಕೆಟ್ಟಿದೆಯಾ ಅಂತ ಕೇಳಿದ್ದೆ. ಕೆಟ್ಟಿರಲಿಲ್ಲ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿದೆ, ಎರಡೂ ಚೊಕ್ಕವಾಗಿದ್ವು. ಅಷ್ಟು ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ ಕಾಲುಭಾಗ ಕಡಿಮೆ. ಸಿಲಿಂಡರಿಗೆ ಆಮ್ಲಜನಕ ಕಮ್ಮಿ ಆದಂತೆ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಪೆಟ್ರೋಲನ್ನೂ ಕಡಿತ ಮಾಡುತ್ತೆ. ಹಾಗಾಗಿ ಪೆಡಲನ್ನು ನೆಲಕ್ಕೆ ತಾಗಿಸಿದ್ರೂ ಸಿಗೋದು ಮುಕ್ಕಾಲು ಶಕ್ತಿಯೇ. ಪ್ರತಿ 300 ಮೀಟರಿಗೆ ಸುಮಾರು 3% ಹೋಯ್ತು ಅಂದ್ಕೊಳ್ಳಿ. ಜೊತೆಗಿದ್ದ ಟರ್ಬೊ ಡೀಸೆಲ್ ಗಾಡಿ ಗಾಳಿಯನ್ನು ಒತ್ತಿ ತುಂಬಿಸಿಕೊಂಡು ಆರಾಮಾಗಿ ಹತ್ತಿತು (ಹೊಟ್ಟೆ ಉರೀತು, ಸುಳ್ಳು ಹೇಳಲ್ಲ).

ಮರುದಿನ ಮೂರನೇ ಗೇರಿನ ಹಟ ಬಿಟ್ಟು, ಎರಡರಲ್ಲೇ 4000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುಗಳು) ಹಿಡಿದೆ. ತಿರುವುಗಳಲ್ಲೂ ನಿಲ್ಲದೆ ಹತ್ತಿತು. ಕೆಳಗಿಳಿದ ಮೇಲೆ ಕಾರು ಮೊದಲಿನ ಹಾಗೇ ಇದೆ.