'ಮುಕ್ತ', 'ಸ್ಥಿರ': ಫೋನಿನ ಓಎಸ್ ಬಗ್ಗೆ ಬರೆಯುವಾಗ ಈ ಎರಡು ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಕಲಿಯುವ ಹುಡುಗ ಹುಡುಗಿಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಓಎಸ್ ಬಗ್ಗೆ, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶದ ಬಗ್ಗೆ, ಒಂದು ಪಾಠ ಇದೆ: ಗೂಗಲ್‌ನ ಆಂಡ್ರಾಯ್ಡ್ ಮತ್ತು ಐಫೋನಿನ ಐಓಎಸ್. ಮೊದಲನೆಯದು ಓಪನ್, ಎರಡನೆಯದು ಸ್ಟೇಬಲ್ ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತದೆ. ಕನ್ನಡದಲ್ಲಿ ಬರೆಯುವವರು ಹೆಚ್ಚಾಗಿ 'ಮುಕ್ತ', 'ಸ್ಥಿರ' ಎಂದು ಹಾಕುತ್ತಾರೆ. ನನಗೆ ಈ ಜೋಡಿ ಒಪ್ಪಿಗೆಯಾಗುತ್ತಿಲ್ಲ. ಯಾಕೆ ಅಂತ ಹೇಳಿ, ನಿಮ್ಮ ಸಲಹೆ ಕೇಳುತ್ತೇನೆ.

'ಸ್ಥಿರ'ದಿಂದಲೇ ಶುರು ಮಾಡುತ್ತೇನೆ. ಸ್ಥಿರಾಸ್ತಿ, ಸ್ಥಿರ ದೂರವಾಣಿ. ಇಲ್ಲೆಲ್ಲ ಅರ್ಥ ಒಂದೇ: ಕದಲದ್ದು, ಬದಲಾಗದ್ದು. ಆದರೆ ನಂಬಿ ಬಳಸಬಹುದಾದ ಓಎಸ್ ಬದಲಾಗುತ್ತಲೇ ಇರಬೇಕು. ಕಳ್ಳರು ನುಗ್ಗುವ ಹೊಸ ದಾರಿ ಕಂಡಾಗೆಲ್ಲ ಅಪ್‌ಡೇಟ್ ಬಂದು ಅದನ್ನು ಮುಚ್ಚಬೇಕು. ನಾಲ್ಕು ವರ್ಷದಿಂದ ಒಂದೂ ಅಪ್‌ಡೇಟ್ ಕಾಣದ ಫೋನು 'ಸ್ಥಿರ'ವಾಗೇ ಇದೆ, ಅಲ್ವಾ? ಆದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ನಮ್ಮ ಕಡೆ ಅಂಗಡಿಗೆ ಬರುವವರು ಇದನ್ನು ಎರಡು ಪ್ರಶ್ನೆಯಾಗಿ ಕೇಳುತ್ತಾರೆ. "ಹ್ಯಾಂಗ್ ಆಗಂಗಿಲ್ಲಲ್ರೀ?" ಅನ್ನೋದು ಒಂದು. "ಎಷ್ಟು ವರ್ಷ ಬಾಳಿಕಿ ಬರ್ತೈತ್ರೀ?" ಅನ್ನೋದು ಇನ್ನೊಂದು. ಮೊದಲನೆಯದು ಇವತ್ತಿನ ಓಟದ ಮಾತು. ಎರಡನೆಯದು ಬಾಳಿಕೆಯ ಮಾತು. ಐಫೋನ್ 5ಎಸ್ 2013ರಲ್ಲಿ ಬಂತು. ಅದಕ್ಕೆ 2023ರಲ್ಲೂ ಆಪಲ್ ಒಂದು ಭದ್ರತಾ ಅಪ್‌ಡೇಟ್ ಕೊಟ್ಟಿತು. ಇದನ್ನು 'ಸ್ಥಿರ' ಅಂದರೆ ಏನೂ ತಿಳಿಯುವುದಿಲ್ಲ, 'ಬಾಳಿಕೆ' ಅಂದರೆ ತಕ್ಷಣ ತಿಳಿಯುತ್ತದೆ. ಹಾಗಾಗಿ ಒಂದಕ್ಕೆ 'ಬಾಳಿಕೆ' ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಹ್ಯಾಂಗ್ ಆಗದೆ ಓಡುವ ಗುಣಕ್ಕೆ ಮಾತ್ರ ಇನ್ನೂ ಒಳ್ಳೆಯ ಪದ ಸಿಕ್ಕಿಲ್ಲ.

'ಮುಕ್ತ'ದ ತೊಂದರೆ ಇದಕ್ಕಿಂತ ಜಾಸ್ತಿ. ಋಣಮುಕ್ತ, ರೋಗಮುಕ್ತ ಎಂಬಲ್ಲಿ ಅದು 'ಇಲ್ಲದ' ಎಂಬ ಅರ್ಥ ಕೊಡುತ್ತದೆ ಅನ್ನೋದು ಇರಲಿ. ಫೋನಿನಲ್ಲಿ ಬೇರೆ ಬೇರೆಯಾದ ಮೂರು ಸಂಗತಿಗಳನ್ನು ಈ ಒಂದೇ ಪದ ನುಂಗಿಬಿಡುತ್ತದೆ.

ಒಂದು, ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಎಲ್ಲರಿಗೂ ಓದಲು, ತಿದ್ದಲು ಸಿಗುವುದು. ಆಂಡ್ರಾಯ್ಡ್‌ನ ಬುಡದ ಭಾಗ ಹೀಗೆ ಸಿಗುತ್ತದೆ. ಅದರ ಬಹುಪಾಲು ಅಪಾಚೆ 2.0 ಪರವಾನಗಿಯಲ್ಲಿದೆ, ಕೆಳಗಿರುವ ಲಿನಕ್ಸ್ ಕರ್ನಲ್ (ಯಂತ್ರದ ಜೊತೆ ನೇರ ಮಾತಾಡುವ ಓಎಸ್‌ನ ತಿರುಳು) ಜಿಪಿಎಲ್‌ನಲ್ಲಿದೆ; ಎರಡೂ ಕೋಡ್ ಬಳಸಲು, ತಿದ್ದಲು ಬಿಡುವ ಪರವಾನಗಿಗಳೇ. ಆದರೆ ಪ್ಲೇ ಸ್ಟೋರ್, ಗೂಗಲ್ ಮ್ಯಾಪ್ಸ್, ಆ್ಯಪ್‌ಗಳಿಗೆ ಹಿಂದಿನಿಂದ ನೆರವಾಗುವ ಪ್ಲೇ ಸರ್ವಿಸಸ್ ಹಾಗಲ್ಲ, ಅವು ಗೂಗಲ್‌ನ ಸ್ವಂತದ್ದು. ಅಂಗಡಿಯಲ್ಲಿ ಸಿಗುವ ಫೋನಿನಲ್ಲಿ ಎರಡೂ ಬೆರೆತಿರುತ್ತವೆ. ಆ ಕಡೆ ಐಓಎಸ್‌ನ ಅಡಿಪಾಯವಾದ ಡಾರ್ವಿನ್‌ನ ಕೋಡನ್ನು ಆಪಲ್ ಕೂಡ ಪ್ರಕಟಿಸುತ್ತದೆ.

ಎರಡು, ಹೊರಗಿನವರು ಬರೆದ ಆ್ಯಪ್‌ಗೆ ಫೋನು ಎಷ್ಟು ಜಾಗ ಬಿಡುತ್ತದೆ ಅನ್ನೋದು. ಕನ್ನಡದವರಿಗೆ ಇದು ತೀರಾ ಹತ್ತಿರದ ವಿಷಯ. ಆಂಡ್ರಾಯ್ಡ್ 2009ರ 1.5 ಆವೃತ್ತಿಯಲ್ಲೇ ಬೇರೆಯವರು ಮಾಡಿದ ಕೀಬೋರ್ಡ್‌ಗೆ ಬಾಗಿಲು ತೆರೆಯಿತು. ಐಫೋನಿನಲ್ಲಿ ಅದಕ್ಕೆ 2014ರ ಐಓಎಸ್ 8ರವರೆಗೆ ಕಾಯಬೇಕಾಯಿತು. ದೊಡ್ಡ ಕಂಪನಿ ನಮ್ಮ ಭಾಷೆಯನ್ನು ನೆನೆಸಿಕೊಳ್ಳಲಿ ಎಂದು ಕಾಯದೆ, ನಮ್ಮವರೇ ಕನ್ನಡ ಟೈಪಿಂಗ್‌ಗೆ ಆ್ಯಪ್ ಬರೆಯಬಹುದಾಗಿತ್ತು. ತೆರೆದಿರುವುದರ ಬೆಲೆ ನನಗೆ ಮನದಟ್ಟಾಗುವುದು ಇಲ್ಲೇ. ಕೋಡ್ ಓದಲು ಸಿಗುವುದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ ಅನ್ನೋದನ್ನು ಗಮನಿಸಿ.

ಮೂರು, ಬೂಟ್‌ಲೋಡರ್ ಲಾಕ್ ತೆಗೆಯಲು ಬಿಡುವುದು. ಫೋನು ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ ಈ ಬೂಟ್‌ಲೋಡರ್. ತೆಗೆದರೆ ಕಂಪನಿಯ ಓಎಸ್ ಬದಲು ಬೇರೆಯದನ್ನು ಹಾಕಬಹುದು. ಸ್ವಯಂಸೇವಕರು 2016ರ ಕೊನೆಯಿಂದ ನಡೆಸುತ್ತಿರುವ ಲಿನೇಜ್ ಓಎಸ್ ಅಂಥದ್ದು. ಕಂಪನಿ ಕೈಬಿಟ್ಟ ಎಷ್ಟೋ ಮಾದರಿಗಳಿಗೆ ಅದರಿಂದ ಹೊಸ ಅಪ್‌ಡೇಟ್ ಸಿಕ್ಕಿದೆ. ಇದಕ್ಕೂ ಬೆಲೆ ತೆರಬೇಕು. ಲಾಕ್ ತೆಗೆದಾಗ ಫೋನಿನೊಳಗಿನ ಡೇಟಾ ಅಳಿಸಿಹೋಗುತ್ತದೆ. ಆಮೇಲೆ ಕೆಲವು ಬ್ಯಾಂಕ್ ಆ್ಯಪ್‌ಗಳು ಓಡುವುದೇ ಇಲ್ಲ. ಅಂದರೆ ಇಲ್ಲಿ ತೆರೆಯುವುದರಿಂದ ಬಾಳಿಕೆ ಹೆಚ್ಚಿತು, ಭರವಸೆ ಸ್ವಲ್ಪ ಕಡಿಮೆಯಾಯಿತು. ಮುಕ್ತ ಒಂದು ಕಡೆ, ಸ್ಥಿರ ಇನ್ನೊಂದು ಕಡೆ ಎಂದು ಎದುರುಬದುರು ನಿಲ್ಲಿಸಿದರೆ ಈ ಲೆಕ್ಕ ಕಾಣಿಸುವುದೇ ಇಲ್ಲ.

ಆಂಡ್ರಾಯ್ಡ್ ಫೋನಿಗೆ ಅಪ್‌ಡೇಟ್ ತಡವಾಗುತ್ತಿದ್ದುದು ಕೋಡ್ ತೆರೆದಿದೆ ಎಂಬುದಕ್ಕಲ್ಲ. ಗೂಗಲ್ ಕೊಟ್ಟದ್ದನ್ನು ಚಿಪ್ ಮಾಡುವವರು ಹೊಂದಿಸಬೇಕು, ಆಮೇಲೆ ಫೋನ್ ಮಾಡುವವರು. ಹತ್ತು ಕೈ ದಾಟಿ ಬರಬೇಕು. ಆಪಲ್‌ನಲ್ಲಿ ಯಂತ್ರವೂ ಓಎಸ್ಸೂ ಒಂದೇ ಮನೆಯದು. 2017ರ ಆಂಡ್ರಾಯ್ಡ್ 8ರಲ್ಲಿ ಟ್ರೆಬಲ್ ಎಂಬ ಏರ್ಪಾಡು ಬಂತು. ಚಿಪ್‌ಗೆ ಸಂಬಂಧಿಸಿದ ಭಾಗವನ್ನು ಓಎಸ್‌ನ ಉಳಿದ ಭಾಗದಿಂದ ಬೇರೆ ಮಾಡಿತು. 2023ರಲ್ಲಿ ಬಂದ ತನ್ನದೇ ಆಂಡ್ರಾಯ್ಡ್ ಫೋನು ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷದ ಅಪ್‌ಡೇಟ್ ಮಾತು ಕೊಟ್ಟಿತು. ತೆರೆದದ್ದು ಅಂದರೆ ಬಾಳಿಕೆ ಬರದ್ದು ಎಂದು ಮಕ್ಕಳಿಗೆ ಕಲಿಸಲು ನನಗೆ ಮನಸ್ಸಿಲ್ಲ.

ಈಗ ಪದಗಳು. ಕೋಡ್‌ಗೆ 'ತೆರೆದ ಕೋಡ್' ಸಾಕು. ಬೂಟ್‌ಲೋಡರ್‌ಗೆ 'ಕೀಲಿ ತೆಗೆದ ಫೋನು' ಎಂದು ಬರೆಯಲಾ? ನಮ್ಮ ಕಡೆ ಕೀಲಿ ಅಂದರೆ ಬೀಗ, ತೆರೆಯುವುದು ಕೀಲಿಕೈ. ಆದರೆ ಕಂಪ್ಯೂಟರ್ ಕನ್ನಡದಲ್ಲಿ 'ಕೀಲಿಮಣೆ' ಬೇರೂರಿದೆ, ಅಲ್ಲಿ ಕೀಲಿ ಅಂದರೆ ಒತ್ತುವ ಗುಂಡಿ. ದಕ್ಷಿಣದ ಓದುಗರಿಗೆ ಗೊಂದಲ ಆಗುತ್ತದಾ, ಹೇಳಿ.

ಮೂರನ್ನೂ ಒಟ್ಟಿಗೆ ಹೇಳಬೇಕಾದಾಗ ನನಗೆ 'ಖುಲ್ಲಾ' ಎಂಬ ಪದದ ಮೇಲೆ ಮನಸ್ಸು. ರಾಯಚೂರು, ಕೊಪ್ಪಳದಲ್ಲಿ 'ಖುಲ್ಲಾ ಜಾಗ' ಎಲ್ಲರ ಬಾಯಲ್ಲೂ ಇದೆ. ಬೇಲಿ ಇಲ್ಲದ್ದು, ಯಾರು ಬೇಕಾದರೂ ಕಾಲಿಡಬಹುದಾದದ್ದು ಎಂಬ ಎರಡೂ ಛಾಯೆ ಅದರಲ್ಲಿದೆ. ಇಲ್ಲಿಗೆ ಬೇಕಾದದ್ದೂ ಅದೇ. ನಮ್ಮದು 1956ರವರೆಗೆ ಹೈದರಾಬಾದ್ ರಾಜ್ಯ, ಉರ್ದು ಪದ ಒಗ್ಗಿಹೋಗಿದೆ. ಬಳ್ಳಾರಿ ಮದ್ರಾಸ್‌ನಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂದದ್ದು. ಹಾಗಾಗಿ ಸಿರುಗುಪ್ಪ, ಸಂಡೂರು, ಕುರುಗೋಡು ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ 'ಖುಲ್ಲಾ' ಬಳಕೆಯಲ್ಲಿದೆಯಾ? ಇದ್ದರೆ ಜಾಗಕ್ಕೆ ಮಾತ್ರವಾ, ವಸ್ತುವಿಗೂ ಹೇಳುತ್ತೀರಾ?