ಹಾವು, ನೆಲಗಪ್ಪೆ, ನಮ್ಮ ನಾಯಿ-ಬೆಕ್ಕು: ಪಶುವೈದ್ಯರನ್ನು ಕೇಳಿ

ಜಿಮ್ಮಿ ಅಮ್ಮ: ನಮಸ್ತೆ ಡಾಕ್ಟ್ರೇ. ನಿನ್ನೆ ಜಿಮ್ಮಿ ನೆಲಗಪ್ಪೆಗೆ ಬಾಯಿ ಹಾಕಿದ. ಬಾಯಿ ತುಂಬ ನೊರೆ, ತಲೆ ಕೊಡವುತ್ತಿದ್ದ. ಮತ್ತೆ ಹೀಗಾದರೆ ಏನು ಮಾಡಲಿ?

ಡಾಕ್ಟರ್: ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ಉಬ್ಬು ಇರುತ್ತವೆ. ಕಚ್ಚಿದರೆ ಹಾಲಿನಂಥ ವಿಷ ಒಸರುತ್ತದೆ. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ. ಬಟ್ಟೆ ತೊಳೆದು ಮತ್ತೆ ಒರೆಸಿ. ನೀರು ಹಾಯಿಸುವುದಾದರೆ ಮೂತಿ ಕೆಳಗಿರಲಿ, ಗಂಟಲಿಗೆ ಇಳಿಯಬಾರದು. ತೂರಾಡಿದರೆ, ಫಿಟ್ಸ್ ಬಂದರೆ ಆಸ್ಪತ್ರೆಗೆ ಓಡಿ.

ಹಿತ್ತಲಮನೆ: ಹಾವು ಬರದಂತೆ ಮನೆ ಸುತ್ತ ಫಿನಾಯಿಲ್ ಸುರಿಯಬಹುದಾ?

ಡಾಕ್ಟರ್: ಬೇಡ. ಬೆಕ್ಕು ಅದನ್ನು ತುಳಿದು ಪಾದ ನೆಕ್ಕಿದರೆ ಬೆಕ್ಕಿಗೇ ವಿಷ. ಕಲ್ಲು, ಸೌದೆ ರಾಶಿ ತೆಗೆಸಿ. ನಾಯಿ ಉಳಿಸಿದ ಊಟ ರಾತ್ರಿ ಹೊರಗಿಡಬೇಡಿ. ಇಲಿ ಬರುತ್ತೆ, ಅದರ ಹಿಂದೆ ಹಾವು.

ಮೊಲದ ಗೂಡು: ಮೊಲದ ಗೂಡಿಗೆ ಎಂಥ ಜಾಲರಿ ಹಾಕಬೇಕು ಸರ್?

ತೋಟದ ಹುಡುಗ: ಗ್ರೂಪಲ್ಲಿ ಬಂದಿದ್ದು: ಕಚ್ಚಿದ ಜಾಗ ಕೊಯ್ದು ರಕ್ತ ಹೀರಿ, ಮೇಲೆ ಬಿಗಿಯಾಗಿ ಕಟ್ಟಿ, ಅರಿಶಿನ ಬೆಳ್ಳುಳ್ಳಿ ಕುಡಿಸಿ.

ಡಾಕ್ಟರ್: ಇದರಲ್ಲಿ ಒಂದೂ ಮಾಡಬೇಡಿ. ಕೊಯ್ದರೆ ರಕ್ತ ನಿಲ್ಲದೆ ಹೋಗಬಹುದು. ಬಿಗಿದರೆ ಕಾಲು ಕೊಳೆಯುತ್ತದೆ. ಬೆಳ್ಳುಳ್ಳಿ ನಾಯಿಗೂ ಬೆಕ್ಕಿಗೂ ಆಗುವುದಿಲ್ಲ. ದಯವಿಟ್ಟು ಡಿಲೀಟ್ ಮಾಡಿ.

ಬ್ರೂನೊ ಮನೆಯವರು: ಸರ್, ಬ್ರೂನೊ ಬೆಳಗ್ಗೆಯಿಂದ ಹಿಂಗಾಲು ಎಳೆಯುತ್ತಿದ್ದಾನೆ. ರೆಪ್ಪೆ ಅರ್ಧ ಮುಚ್ಚಿದೆ. ಜೊಲ್ಲು ಸುರಿಯುತ್ತಿದೆ. ಗಾಯ ಇಲ್ಲ, ಊತ ಇಲ್ಲ. ರಾತ್ರಿ ವರಾಂಡದಲ್ಲಿ ಮಲಗಿದ್ದ. ಸಂಜೆವರೆಗೆ ನೋಡೋಣ ಅಂತಿದ್ದೀವಿ.

ಡಾಕ್ಟರ್: ಸಂಜೆವರೆಗೆ ಬೇಡ, ಈಗಲೇ ಹೊರಡಿ. ಬೇರೆ ಕಾಯಿಲೆಯೂ ಇರಬಹುದು, ಆದರೆ ನನಗೆ ಕಟ್ಟುಹಾವಿನ ಭಯ. ಅದು ರಾತ್ರಿ ಓಡಾಡುವ ಹಾವು. ಹಲ್ಲು ಸಣ್ಣ, ಕೂದಲ ನಡುವೆ ಗುರುತೇ ಸಿಗದು. ಕೊಳಕುಮಂಡಲ ಕಚ್ಚಿದರೆ ಊದುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಒಣಗಿದ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿ ನೋಡುತ್ತೇವೆ. ನೀರಿನಂತೆ ಹರಿದರೆ ಮಂಡಲದ ವಿಷ ಅಂತ ಅನುಮಾನ. ಕಟ್ಟುಹಾವಿನಲ್ಲಿ ರಕ್ತ ಗಟ್ಟಿಯಾಗುತ್ತೆ, ಆದರೆ ಸ್ನಾಯು ಸೋಲುತ್ತದೆ. ಮೊದಲು ರೆಪ್ಪೆ, ಆಮೇಲೆ ನುಂಗುವುದು, ಕೊನೆಗೆ ಉಸಿರು. ಬಾಯಿಗೆ ನೀರು, ಅನ್ನ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ನಡೆಸಬೇಡಿ, ಎತ್ತಿಕೊಂಡು ಹೋಗಿ. ವಿಷನಿರೋಧಕ ಇದೆಯಾ, ಕೃತಕ ಉಸಿರಾಟ ಕೊಡಲು ಆಗುತ್ತಾ ಅಂತ ದಾರಿಯಲ್ಲೇ ಫೋನ್ ಮಾಡಿ ಕೇಳಿ. ಉಸಿರು ಕೈಯಲ್ಲೇ ಒತ್ತಿ ಕೊಟ್ಟು ಉಳಿಸಿಕೊಂಡ ನಾಯಿಗಳನ್ನು ನಾನು ನೋಡಿದ್ದೇನೆ.

ತೋಟದ ಹುಡುಗ: ಹಾವನ್ನೂ ಹೊಡೆದು ಜೊತೆಗೆ ತಗೊಂಡು ಹೋಗಿ.

ಹಸಿರು ಹಾದಿ: ಹೊಡೆಯೋದು ಅಪರಾಧ. 1972ರ ವನ್ಯಜೀವಿ ಕಾಯ್ದೆ ಓದಿ. ನಿಮ್ಮಂಥವರಿಂದ ಕೇರೆಹಾವೂ ಉಳಿಯಲ್ಲ.

ತೋಟದ ಹುಡುಗ: ನಿಮ್ಮ ಮಗೂಗೆ ಕಚ್ಚಿದಾಗ ಕಾಯ್ದೆ ಓದ್ತಾ ಕೂತ್ಕೊಳ್ಳಿ.

ಹಸಿರು ಹಾದಿ: ಮಗು ವಿಷಯ ಯಾಕ್ರೀ ತರ್ತೀರಿ?

ಡಾಕ್ಟರ್: ನಿಲ್ಲಿಸಿ ಇಬ್ಬರೂ. ಹೊಡೆಯಲು ಹೋದವರಿಗೇ ಕಚ್ಚುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಔಷಧಿ ಒಂದೇ. ಹಾವು ತರಬೇಕಿಲ್ಲ.

ಬೆಕ್ಕಿನ ಮನೆ: ಕಚ್ಚಿದರೆ ನೋವಿಗೆ ಪ್ಯಾರಸಿಟಮಾಲ್ ಕೊಡಬಹುದಾ?

ಡಾಕ್ಟರ್: ಬೆಕ್ಕಿಗೆ ಅದೇ ವಿಷ. ಕೊಡಬೇಡಿ.

ಹೊಸ ಸದಸ್ಯ: ಫಿನಾಯಿಲ್ ಹಾಕಬಹುದಾ ಸರ್?

ಡಾಕ್ಟರ್: ಮೇಲೆ ಓದಿ.

ಮೊಲದ ಗೂಡು: ಸರ್, ಜಾಲರಿ?

ಡಾಕ್ಟರ್: ಬ್ರೂನೊ ಮನೆಯವರೇ, ತಲುಪಿದಿರಾ?

ಬ್ರೂನೊ ಮನೆಯವರು: ತಲುಪಿದೆವು. ಡ್ರಿಪ್ ಹಾಕಿದ್ದಾರೆ. ಕಣ್ಣು ಪೂರ್ತಿ ಮುಚ್ಚಿಬಿಟ್ಟಿದ್ದಾನೆ ಸರ್.

ಡಾಕ್ಟರ್: ಕಣ್ಣು ನೋಡಬೇಡಿ, ಎದೆ ನೋಡಿ. ಉಸಿರು ಮೇಲುಮೇಲೆ ಆದರೆ, ನಾಲಿಗೆ ನೀಲಿಯಾದರೆ ಕೂಡಲೇ ಅಲ್ಲಿನ ಡಾಕ್ಟರನ್ನು ಕರೆಯಿರಿ. ಮಾತಾಡಿಸ್ತಾ ಇರಿ. ಅಲುಗಾಡಲು ಆಗದಿದ್ದರೂ ಅವನಿಗೆ ನಿಮ್ಮ ದನಿ ಕೇಳಿಸುತ್ತಿರಬಹುದು.